ತಾನಾಗೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್ ಮತ್ತು ಅಕ್ಕನ ರಿಜಿಸ್ಟರ್

ಸಾಫ್ಟ್‌ವೇರ್ ಎಂಜಿನಿಯರ್ ಅಂದಮೇಲೆ ಮುಗೀತು, ಮನೆಯವರ ಪಾಲಿಗೆ ನಾವು ಎಲ್ಲದಕ್ಕೂ ಮೆಕ್ಯಾನಿಕ್. ಚಿಕ್ಕಪ್ಪನ ಫೋನಿಗೆ ಒಟಿಪಿ ಬರ್ತಿಲ್ಲ, ಅತ್ತೆ ಮನೆಯ ಟಿವಿಯಲ್ಲಿ ಸೌಂಡ್ ಇಲ್ಲ, ದೊಡ್ಡಮ್ಮನ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತೆರೀತಿಲ್ಲ... ಎಲ್ಲಕ್ಕೂ ಫೋನ್ ಬರೋದು ನಮಗೇ. ಮೀಟಿಂಗ್ ಮಧ್ಯೆ ಮ್ಯೂಟ್ ಮಾಡ್ಕೊಂಡು ನಾವು ಕೊಡೋ ಉತ್ತರವೂ ಒಂದೇ: ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ’. ಎಷ್ಟೋ ಸಲ ಅದರಿಂದಲೇ ಸರಿಹೋಗಿಬಿಡುತ್ತೆ, ನಮಗೆ ‘ಹುಡುಗ ಬುದ್ಧಿವಂತ’ ಅನ್ನೋ ಹೆಸರೂ ಬರುತ್ತೆ.

ಕಳೆದ ವರ್ಷ ಅಕ್ಕ ಫೋನ್ ಮಾಡಿ, ‘ಅಂಗಡಿ ಕಂಪ್ಯೂಟರ್ ಯಾಕೋ ಸರಿಯಿಲ್ಲ ಕಣೋ’ ಅಂದಾಗಲೂ ನನ್ನ ಬಾಯಿಗೆ ಬಂದಿದ್ದು ಅದೇ ಮಾತು.

‘ರೀಸ್ಟಾರ್ಟ್ ಮಾಡಿ ನೋಡಕ್ಕ.’

‘ಅದೇ ಕಣೋ ಅದರ ಕಾಯಿಲೆ. ನಾನು ಮಾಡೋದೇ ಬೇಡ, ಅದೇ ಮಾಡ್ಕೊಳ್ತಿದೆ.’

ಆವತ್ತು ಇಬ್ಬರೂ ನಕ್ಕೆವು. ಆಮೇಲಿನ ಒಂದೂವರೆ ತಿಂಗಳು ಅಕ್ಕ ನಗಲಿಲ್ಲ.

ಅಂಗಡಿ ಅಂದರೆ ಆ ಒಂದು ಕಂಪ್ಯೂಟರ್

ಅಕ್ಕ, ಭಾವ ಇರೋದು ಅರಸೀಕೆರೆಯಲ್ಲಿ. ಭಾವನದು ತೆಂಗಿನಕಾಯಿ ವ್ಯಾಪಾರ, ಅಕ್ಕನದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಝೆರಾಕ್ಸ್ ಅಂಗಡಿ. ಹೆಸರಿಗೆ ಝೆರಾಕ್ಸ್, ನಿಜವಾದ ವ್ಯಾಪಾರ ಆನ್‌ಲೈನ್ ಅರ್ಜಿಗಳದ್ದು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್, ಸರ್ಕಾರಿ ಹುದ್ದೆಯ ಅರ್ಜಿ, ರೈಲ್ವೆ ಟಿಕೆಟ್... ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಒಂದು ಪ್ರಿಂಟರ್, ಕಾಲ ಬುಡದಲ್ಲಿ ಒಂದು ಯುಪಿಎಸ್. ಇಷ್ಟೇ ಬಂಡವಾಳ.

ಹಳೇ ಇಂಕ್ ಪ್ರಿಂಟರ್ ಪದೇ ಪದೇ ಕೈಕೊಡ್ತಿತ್ತು ಅಂತ ಗೌರಿ ಹಬ್ಬಕ್ಕೆ ಹೋದಾಗ ಬಾಗಿನದ ಜೊತೆ ಒಂದು ಲೇಸರ್ ಪ್ರಿಂಟರ್ ಕೂಡ ಕೊಡಿಸಿದ್ದೆ. ನಾನೇ ಪ್ಯಾಕ್ ಬಿಚ್ಚಿ, ಡ್ರೈವರ್ ಹಾಕಿ, ಒಂದು ಟೆಸ್ಟ್ ಪೇಜ್ ತೆಗೆದು ಕೊಟ್ಟು ಬಂದಿದ್ದೆ. ‘ತಮ್ಮ ಕೊಡಿಸಿದ್ದು’ ಅಂತ ಅಕ್ಕ ಬಂದವರಿಗೆಲ್ಲ ತೋರಿಸ್ತಿದ್ದಳು.

ಅದಾಗಿ ಎರಡು ವಾರಕ್ಕೆ ಆ ಫೋನ್ ಬಂದಿದ್ದು. ಕೆಲಸ ಮಾಡ್ತಾ ಮಾಡ್ತಾನೇ ಸ್ಕ್ರೀನ್ ಕಪ್ಪಾಗುತ್ತೆ, ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಕಂಪನಿ ಲೋಗೊ ಬರುತ್ತೆ. ಒಂದು ದಿನ ಎರಡು ಸಲ, ಇನ್ನೊಂದು ದಿನ ಒಂದೂ ಇಲ್ಲ.

ನನ್ನ ಮೂರು ಊಹೆಗಳು

ಮೊದಲನೇ ಊಹೆ: ವೈರಸ್. ಊರಿನ ಎಲ್ಲರ ಪೆನ್‌ಡ್ರೈವ್ ಚುಚ್ಚೋ ಕಂಪ್ಯೂಟರ್ ಅದು, ಇನ್ನೇನಾಗಿರುತ್ತೆ? ಒಂದು ಭಾನುವಾರ ಬೆಂಗಳೂರಿನಲ್ಲಿ ಕೂತು, ಫೋನಿನಲ್ಲಿ ಭಾವನಿಗೆ ಒಂದೊಂದೇ ಹೇಳ್ತಾ ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಮತ್ತೆ ಅದೇ.

ಎರಡನೇ ಊಹೆ: ರ‍್ಯಾಮ್. ಹಾಗಂದಿದ್ದು ಅಲ್ಲೇ ಇರೋ ರಿಪೇರಿಯವರು, ಹೂಂ ಅಂದವನು ನಾನು. ಹೊಸ ರ‍್ಯಾಮ್ ಬಂತು. ಎರಡು ದಿನ ಸರಿ, ಮೂರನೇ ದಿನ ಮತ್ತೆ.

ಮೂರನೇ ಊಹೆ: ಎಸ್‌ಎಂಪಿಎಸ್. ಅಂದರೆ ಗೋಡೆಯ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿಕೊಡೋ ಡಬ್ಬಿ. ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗೋ ಕಂಪ್ಯೂಟರಿನಲ್ಲಿ ಬಹಳ ಸಲ ಇದೇ ಕಳ್ಳ. ಹಾಗಾಗಿ ಈ ಸಲ ನನಗೆ ಭಾರೀ ವಿಶ್ವಾಸ. ಅದನ್ನೂ ಬದಲಾಯಿಸಿಯಾಯ್ತು. ಆದ್ರೂ ಅಷ್ಟೇ.

ಮೂರೂ ಖರ್ಚು ಅಕ್ಕನದೇ. ಅವಳು ಒಂದು ಪ್ರಿಂಟಿಗೆ ಹತ್ತು ರೂಪಾಯಿ ತಗೊಳ್ಳೋಳು. ಆ ಲೆಕ್ಕ ಹಾಕಲು ನನಗೆ ಆಗ ಪುರುಸೊತ್ತು ಇರಲಿಲ್ಲ.

ಇಷ್ಟರಲ್ಲಿ ಒಂದು ಸಂಜೆ ನಡೆದದ್ದು ಬೇರೆಯೇ. ಒಬ್ಬ ಹುಡುಗ ಸರ್ಕಾರಿ ಹುದ್ದೆಯ ಅರ್ಜಿ ಹಾಕಲು ಬಂದಿದ್ದ, ಕೊನೇ ದಿನ. ಅರ್ಜಿ ತುಂಬಿ, ಶುಲ್ಕ ಕಟ್ಟಿ, ರಸೀದಿಗೆ ಪ್ರಿಂಟ್ ಕೊಟ್ಟ ಕ್ಷಣಕ್ಕೇ ಕಂಪ್ಯೂಟರ್ ಹೋಯ್ತು. ಮತ್ತೆ ಲಾಗಿನ್ ಆಗಿ ನೋಡಿದರೆ ಶುಲ್ಕ ಪಾವತಿ ಆಗಿಲ್ಲ ಅಂತ ತೋರಿಸ್ತಿದೆ. ಅವನ ಖಾತೆಯಿಂದ ಮಾತ್ರ ದುಡ್ಡು ಕಟ್ ಆಗಿದೆ. ಹುಡುಗ ಅಳೋದೊಂದು ಬಾಕಿ. ಅಕ್ಕ ತನ್ನ ಫೋನಿನಿಂದ ಇನ್ನೊಂದು ಸಲ ಶುಲ್ಕ ಕಟ್ಟಿ ಅರ್ಜಿ ಮುಗಿಸಿ ಕಳಿಸಿದಳು. ಅವನ ಜೊತೆ ಬಂದಿದ್ದವರು ಹೊರಗೆ ಹೋಗ್ತಾ, ‘ಇನ್ಮೇಲೆ ಎದುರಿನ ಅಂಗಡಿಗೇ ಹೋಗೋಣ’ ಅಂದದ್ದು ಅವಳ ಕಿವಿಗೆ ಬಿತ್ತು.

ಆವತ್ತು ರಾತ್ರಿ ಅಕ್ಕ ಫೋನ್ ಮಾಡಲಿಲ್ಲ, ಭಾವ ಮಾಡಿದರು. ‘ನೋಡಪ್ಪ, ನಿನಗೆ ಕೆಲಸ ಇರುತ್ತೆ ಅಂತ ಗೊತ್ತು. ಹಳೇ ಕಂಪ್ಯೂಟರ್ ಮಾರಿ ಸಾಲ ಮಾಡಿ ಹೊಸದು ತಗೊಳ್ಳೋಣ ಅಂತಿದ್ದಾಳೆ. ಬೇಡ ಅನ್ನಲಾ, ಹೂಂ ಅನ್ನಲಾ?’

ಶನಿವಾರ ಬೆಳಗ್ಗೆಯ ರೈಲು ಹತ್ತಿದೆ.

ಆಫೀಸಿನಲ್ಲಿ ಹೀಗೆ ಮಾಡ್ತೀನಾ?

ರೈಲಿನಲ್ಲಿ ಕೂತಾಗ ನನಗೆ ನಿಜಕ್ಕೂ ನಾಚಿಕೆ ಆಯ್ತು. ಆಫೀಸಿನಲ್ಲಿ ಸರ್ವರ್ ಒಂದು ಸಲ ರೀಸ್ಟಾರ್ಟ್ ಆದರೂ ನಾವು ಊಹೆ ಮಾಡೋದಿಲ್ಲ. ಮೊದಲು ಲಾಗ್ ಓದ್ತೀವಿ. ಯಾವಾಗಿಂದ ಶುರುವಾಯ್ತು, ಅದಕ್ಕೆ ಮುಂಚೆ ಏನು ಬದಲಾಯ್ತು ಅಂತ ಕೇಳ್ತೀವಿ. ಸಮಸ್ಯೆಯನ್ನು ಬೇಕಂತಲೇ ಮತ್ತೆ ಬರಿಸೋಕೆ ನೋಡ್ತೀವಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡ್ತೀವಿ. ಇಷ್ಟೆಲ್ಲ ಶಿಸ್ತು ಸಂಬಳ ಕೊಡೋರಿಗೆ. ಅಕ್ಕನಿಗೆ ಮಾತ್ರ ‘ವೈರಸ್ ಇರಬೇಕು’.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸಿದಾಗ ಅದರೊಳಗಿದ್ದ ಹಳೇ ದಾಖಲೆಗಳೂ ಅಳಿಸಿಹೋಗಿದ್ದವು. ಕಳ್ಳತನ ಆದ ಮನೆಯನ್ನು ಪೊಲೀಸರು ಬರೋ ಮುಂಚೆಯೇ ಗುಡಿಸಿ ಸಾರಿಸಿದ ಹಾಗೆ.

ಕಂಪ್ಯೂಟರ್ ಏನು ಬರೆದಿಟ್ಟಿತ್ತು?

ಅಂಗಡಿಗೆ ಹೋದವನೇ ಏನನ್ನೂ ಬಿಚ್ಚಲಿಲ್ಲ. ಮೊದಲು ಈವೆಂಟ್ ವ್ಯೂವರ್ ತೆಗೆದೆ. ನಿಮ್ಮ ಕಂಪ್ಯೂಟರಿನಲ್ಲೂ ಇದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪಟ್ಟಿಯಲ್ಲಿ ಕಾಣುತ್ತೆ. ಅದರಲ್ಲಿ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’. ರೀಸ್ಟಾರ್ಟ್ ಆದ ಹೊತ್ತಿನ ಆಸುಪಾಸು ಹುಡುಕಿದರೆ ಸಾಮಾನ್ಯವಾಗಿ ಈ ಮೂರು ನಂಬರುಗಳಲ್ಲಿ ಒಂದು ಸಿಗುತ್ತೆ.

1074 ಅಂತಿದ್ದರೆ ಯಾರೋ ಹೇಳಿ ಮಾಡಿಸಿದ ರೀಸ್ಟಾರ್ಟ್. ಆ ‘ಯಾರೋ’ ಬಹಳ ಸಲ ವಿಂಡೋಸ್ ಅಪ್‌ಡೇಟ್. ಯಾವ ಪ್ರೋಗ್ರಾಮ್ ಅನ್ನೋದನ್ನೂ ಅದರಲ್ಲೇ ಬರೆದಿರುತ್ತೆ.

6008 ಅಂದರೆ ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತ.

41, ಪಕ್ಕದಲ್ಲಿ ‘ಕರ್ನಲ್-ಪವರ್’ ಅಂತ ಇರುತ್ತೆ. ಇದನ್ನು ನೋಡಿದ ತಕ್ಷಣ ಎಲ್ಲರೂ ‘ಓ, ಪವರ್ ಪ್ರಾಬ್ಲಂ’ ಅಂದುಬಿಡ್ತಾರೆ. ಹಾಗಲ್ಲ. ರಸ್ತೆಯಲ್ಲಿ ತಲೆಸುತ್ತಿ ಬಿದ್ದವನು ಎದ್ದಮೇಲೆ ‘ನಾನು ಬಿದ್ದಿದ್ದೆ ಅನ್ಸುತ್ತೆ’ ಅಂತಾನಲ್ಲ, 41 ಅಷ್ಟೇ. ಯಾಕೆ ಬಿದ್ದ ಅಂತ ಅದಕ್ಕೂ ಗೊತ್ತಿಲ್ಲ. ಆದರೆ ಅದನ್ನು ತೆರೆದು ‘ಡೀಟೇಲ್ಸ್’ನಲ್ಲಿ ‘ಬಗ್‌ಚೆಕ್ ಕೋಡ್’ ಅನ್ನೋ ಸಾಲು ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ, ವಿಂಡೋಸ್ ಒಳಗಡೆಯೇ ಕುಸಿದು ನೀಲಿ ಸ್ಕ್ರೀನ್ ಬಂದಿದೆ ಅಂತ. ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. ಸೊನ್ನೆ ಇದ್ದರೆ, ಹೆಚ್ಚಿನ ಸಲ ಏನಾಯ್ತು ಅಂತ ಬರೆದಿಡೋಕೂ ಅದಕ್ಕೆ ಸಮಯ ಸಿಕ್ಕಿಲ್ಲ, ಕಾಲ ಕೆಳಗಿನ ನೆಲವೇ ಹೋಗಿದೆ ಅಂತ ಅರ್ಥ. ಆಗ ಕರೆಂಟು, ಎಸ್‌ಎಂಪಿಎಸ್, ಬಿಸಿ, ಸ್ವಿಚ್ಚು ಇವುಗಳ ಮೇಲೆ ಅನುಮಾನ ಪಡಬೇಕು.

ಅಕ್ಕನ ಕಂಪ್ಯೂಟರಿನಲ್ಲಿ ಹೊಸ ವಿಂಡೋಸ್ ಹಾಕಿದಮೇಲೆ ಆಗಿದ್ದ ಎಲ್ಲ 41ರಲ್ಲೂ ಸೊನ್ನೆ. ಅಂದರೆ ವೈರಸ್ಸೂ ಅಲ್ಲ, ವಿಂಡೋಸೂ ಅಲ್ಲ. ಇಷ್ಟನ್ನು ನಾನು ಮೊದಲ ದಿನವೇ ಬೆಂಗಳೂರಿನಿಂದಲೇ ಐದು ನಿಮಿಷದಲ್ಲಿ ನೋಡಬಹುದಿತ್ತು.

ಬಿಸಿಯನ್ನೂ ಪರೀಕ್ಷಿಸಿದೆ. ವೈರ್ ಕಿತ್ತು, ಕ್ಯಾಬಿನೆಟ್ ತೆಗೆದು ಬ್ರಷ್‌ನಲ್ಲಿ ಧೂಳು ಹೊಡೆದೆ, ಫ್ಯಾನ್ ತಿರುಗ್ತಿದೆಯಾ ನೋಡಿದೆ. ಪ್ರೊಸೆಸರ್ ವಿಪರೀತ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಂತುಬಿಡುತ್ತೆ. ಎಷ್ಟೋ ಪ್ರೊಸೆಸರುಗಳಿಗೆ ಆ ಮಿತಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅರ್ಧ ಗಂಟೆ ಕಂಪ್ಯೂಟರಿಗೆ ಸುಮ್ಮನೆ ಭಾರೀ ಕೆಲಸ ಕೊಟ್ಟು ಉಷ್ಣಾಂಶ ನೋಡಿದರೆ ಅದರ ಹತ್ತಿರವೂ ಹೋಗಲಿಲ್ಲ. ರೀಸ್ಟಾರ್ಟೂ ಆಗಲಿಲ್ಲ.

‘ಏನಾದ್ರೂ ಹೊಸದಾಗಿ ಬದಲಾಯಿಸಿದ್ಯಾ ಅಕ್ಕ?’ ಅಂತ ಕೇಳಿದೆ.

‘ನಾನೇನೂ ಮುಟ್ಟಿಲ್ಲಪ್ಪ.’

ಅವಳು ಹೇಳಿದ್ದು ಸತ್ಯ. ಅವಳು ಏನೂ ಮುಟ್ಟಿರಲಿಲ್ಲ.

ಅಕ್ಕನ ರಿಜಿಸ್ಟರ್

ಮುಂದೇನು ಅಂತ ಯೋಚಿಸ್ತಾ ಕೂತಿದ್ದಾಗ ಅಕ್ಕ ಟೀ ತಂದಿಟ್ಟು, ಮೇಜಿನ ಕೆಳಗಿಂದ ಉದ್ದನೆಯ ರಿಜಿಸ್ಟರ್ ತೆಗೆದಳು. ದಿನದ ಲೆಕ್ಕದ ಪುಸ್ತಕ ಅದು. ಬಂದವರ ಹೆಸರು, ಏನು ಕೆಲಸ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು. ಕೆಲವು ಸಾಲುಗಳ ಮುಂದೆ ಕೆಂಪು ಪೆನ್ನಿನ ಗುಂಡು ಗುರುತು.

‘ಇದೇನಕ್ಕ?’

‘ಆ ಕೆಲಸ ಮಾಡ್ತಿದ್ದಾಗ ಹೋಯ್ತು ಅಂತ. ಮತ್ತೆ ಮೊದಲಿಂದ ಮಾಡ್ಬೇಕಲ್ಲ, ಎರಡನೇ ಸಲಕ್ಕೆ ದುಡ್ಡು ತಗೊಳ್ಳಬಾರದು ಅಂತ ನೆನಪಿಗೆ ಹಾಕ್ಕೊಂಡಿದ್ದೆ.’

ನಾನು ಅಳಿಸಿಹಾಕಿದ್ದ ಲಾಗ್ ಅಕ್ಕನ ಕೈಬರಹದಲ್ಲಿ ನನ್ನ ಮುಂದೆ ಇತ್ತು.

ಒಟ್ಟು 19 ಕೆಂಪು ಗುರುತು. ಇಬ್ಬರೂ ಕೂತು ಒಂದೊಂದೇ ನೋಡಿದೆವು. ಬರೀ ಅರ್ಜಿ ತುಂಬಿದ ಕಡೆ ಗುರುತಿಲ್ಲ. ಬರೀ ಝೆರಾಕ್ಸ್ ಇದ್ದ ಕಡೆ ಇಲ್ಲ. 17 ಗುರುತುಗಳು ಪ್ರಿಂಟ್ ತೆಗೆದ ಸಾಲುಗಳ ಮುಂದೆಯೇ ಇದ್ದವು. ಆದರೆ ಎಲ್ಲ ಪ್ರಿಂಟಿಗೂ ಅಲ್ಲ. ಬೆಳಗ್ಗೆ ಅಂಗಡಿ ತೆಗೆದಮೇಲಿನ ಮೊದಲನೇ ಪ್ರಿಂಟ್, ಇಲ್ಲವೇ ಊಟ ಮುಗಿಸಿ ಬಂದಮೇಲಿನ ಮೊದಲನೇದು, ಅಥವಾ ತುಂಬಾ ಹೊತ್ತಿನ ಒಂದು ಅರ್ಜಿ ಮುಗಿಸಿ ಕೊನೆಗೆ ತೆಗೆದ ರಸೀದಿ. ಉಳಿದ ಎರಡರ ಪಕ್ಕ ಅಕ್ಕನೇ ಬರೆದಿದ್ದಳು: ‘ಕರೆಂಟ್ ಹೋಯ್ತು’.

ಯುಪಿಎಸ್ ಇರುವಾಗ ಕರೆಂಟ್ ಹೋದರೆ ಕಂಪ್ಯೂಟರ್ ಯಾಕೆ ಹೋಗಬೇಕು?

ಬಗ್ಗಿ ಮೇಜಿನ ಕೆಳಗೆ ನೋಡಿದೆ. ಯುಪಿಎಸ್ ಹಿಂದೆ ಮೂರು ವೈರ್. ಒಂದು ಕಂಪ್ಯೂಟರ್, ಒಂದು ಮಾನಿಟರ್. ಮೂರನೆಯದು ನಾನು ಕೊಡಿಸಿದ ಲೇಸರ್ ಪ್ರಿಂಟರ್.

ಒಂದು ‘ಟಿಕ್’ ಸದ್ದಿನ ಕತೆ

ಲೇಸರ್ ಪ್ರಿಂಟರ್ ಪುಡಿ ಶಾಯಿಯನ್ನು ಕಾಗದದ ಮೇಲೆ ಕರಗಿಸಿ ಅಂಟಿಸುತ್ತೆ. ಅದಕ್ಕೆ ಒಳಗೊಂದು ರೋಲರ್ ಸುಮಾರು 200 ಡಿಗ್ರಿವರೆಗೆ ಕಾಯಬೇಕು. ಅದೊಂದು ಪುಟ್ಟ ಇಸ್ತ್ರಿಪೆಟ್ಟಿಗೆ ಅಂದುಕೊಳ್ಳಿ. ಸುಮ್ಮನಿದ್ದಾಗ ತಣ್ಣಗಿರುತ್ತೆ. ಪ್ರಿಂಟ್ ಕೊಟ್ಟ ತಕ್ಷಣ ಕೆಲವು ಸೆಕೆಂಡಿನಲ್ಲಿ ಕಾಯಬೇಕಾಗಿರೋದರಿಂದ ನೂರಾರು ವಾಟ್ ಕರೆಂಟನ್ನು ಒಮ್ಮೆಲೇ ಎಳೆಯುತ್ತೆ. ಒಂದು ಸಲ ಕಾದಮೇಲೆ ಮುಂದಿನ ಪ್ರಿಂಟುಗಳಿಗೆ ಅಷ್ಟು ಬೇಡ. ಕೆಂಪು ಗುರುತೆಲ್ಲ ‘ಮೊದಲನೇ ಪ್ರಿಂಟ್’ ಮುಂದೆ ಇದ್ದದ್ದು ಇದಕ್ಕೇ.

ಅಂಗಡಿಯದು 600 ವಿಎ ಯುಪಿಎಸ್. ಆ ಅಳತೆಯ ಸಾಮಾನ್ಯ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವಾಟ್. ಅದರಲ್ಲಿ ಕಂಪ್ಯೂಟರ್, ಮಾನಿಟರ್ ಆಗಲೇ ಕೂತಿವೆ. ಪ್ರಿಂಟರ್ ಒಮ್ಮೆಲೇ ಎಳೆದಾಗ ವೋಲ್ಟೇಜ್ ಕುಸಿಯುತ್ತೆ. ಕರೆಂಟೇ ಹೋಯ್ತು ಅಂತ ಯುಪಿಎಸ್ ‘ಟಿಕ್’ ಅಂತ ಬ್ಯಾಟರಿಗೆ ಹಾರುತ್ತೆ. ಬ್ಯಾಟರಿಗೋ ಮೂರು ವರ್ಷ ದಾಟಿದೆ, ಆ ಭಾರ ಹೊರಲಾರದೆ ಅದೂ ಕೈಬಿಡುತ್ತೆ.

ಕಂಪ್ಯೂಟರಿನ ಎಸ್‌ಎಂಪಿಎಸ್ ಹೀಗೆ ಕರೆಂಟ್ ನಿಂತಾಗ ತನ್ನಲ್ಲಿ ಉಳಿದಿರೋದರಿಂದಲೇ ಸ್ವಲ್ಪ ಹೊತ್ತು ನಡೆಸಬಲ್ಲದು. ಆದರೆ ಆ ‘ಸ್ವಲ್ಪ ಹೊತ್ತು’ ಅಂದರೆ ಸುಮಾರು 16 ಮಿಲಿಸೆಕೆಂಡ್, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಅದು ಮೀರಿದರೆ ‘ಪವರ್ ಸರಿಯಿಲ್ಲ’ ಅಂತ ಮದರ್‌ಬೋರ್ಡಿಗೆ ಸೂಚನೆ ಕೊಡುತ್ತೆ, ಮದರ್‌ಬೋರ್ಡ್ ಎಲ್ಲವನ್ನೂ ನಿಲ್ಲಿಸುತ್ತೆ. ಅಷ್ಟರಲ್ಲಿ ಯುಪಿಎಸ್ ಮತ್ತೆ ಗೋಡೆಯ ಕರೆಂಟಿಗೆ ಮರಳಿರುತ್ತೆ, ಕಂಪ್ಯೂಟರ್ ಮೊದಲಿನಿಂದ ಶುರುವಾಗುತ್ತೆ. ನೋಡುವವರಿಗೆ ಅದು ‘ತಾನಾಗೇ ರೀಸ್ಟಾರ್ಟ್’. ಹೊಸ ಎಸ್‌ಎಂಪಿಎಸ್ ಹಾಕಿದರೂ ಗುಣವಾಗದೆ ಇದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇದು ಇನ್ನೂ ನಾಲ್ಕನೇ ಊಹೆಯೇ. ಹಾಗಾಗಿ ಪರೀಕ್ಷೆ ಮಾಡಿದೆವು. ಅರ್ಧ ಗಂಟೆ ಪ್ರಿಂಟರ್ ಮುಟ್ಟಲಿಲ್ಲ. ಆಮೇಲೆ ಒಂದು ಪುಟ ಕೊಟ್ಟೆ. ಟಿಕ್. ಸ್ಕ್ರೀನ್ ಕಪ್ಪು. ಕಂಪನಿ ಲೋಗೊ. ಆ ಲೋಗೊ ನೋಡಿ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಪ್ರಿಂಟರಿನ ಪ್ಲಗ್ ಕಿತ್ತು ಗೋಡೆಯ ಬೇರೆ ಸಾಕೆಟ್ಟಿಗೆ ಹಾಕಿ, ಮತ್ತೆ ಅರ್ಧ ಗಂಟೆ ಬಿಟ್ಟು ಪ್ರಿಂಟ್ ಕೊಟ್ಟೆ. ಏನೂ ಆಗಲಿಲ್ಲ. ಹೀಗೆ ಮೂರು ಸಲ. ಕೊನೆಗೆ ವಾಪಸ್ ಯುಪಿಎಸ್‌ಗೆ ಹಾಕಿದೆ. ಟಿಕ್!

‘ಅಂದ್ರೆ ಆ ವೈರನ್ನ ಅಲ್ಲಿ ಹಾಕಿದ್ದಕ್ಕೆ ಇಷ್ಟೆಲ್ಲ ಆಗಿದ್ದಾ?’ ಅಕ್ಕ ಕೇಳಿದಳು.

‘ಹೂಂ.’

‘ಹಾಕಿದ್ದು ಯಾರು?’

ಗೌರಿ ಹಬ್ಬದ ದಿನ ಯುಪಿಎಸ್ ಹಿಂದೆ ಒಂದು ಸಾಕೆಟ್ ಖಾಲಿ ಇದೆ ಅಂತ ಚುಚ್ಚಿದವನು ನಾನೇ. ಯುಪಿಎಸ್‌ನ ಬ್ಯಾಟರಿ ಸಾಕೆಟ್ಟಿಗೆ ಲೇಸರ್ ಪ್ರಿಂಟರ್ ಹಾಕಬೇಡಿ ಅಂತ ಎಷ್ಟೋ ಯುಪಿಎಸ್ ಕೈಪಿಡಿಗಳಲ್ಲೇ ಬರೆದಿರುತ್ತೆ. ಕೈಪಿಡಿ ಓದೋ ಅಭ್ಯಾಸ ನಮಗೆಲ್ಲಿ?

ಭಾವ ಏನೂ ಅನ್ನಲಿಲ್ಲ, ಹೊರಗೆ ಹೋಗಿ ನಕ್ಕು ಬಂದರು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆವು. ರ‍್ಯಾಮ್, ಎಸ್‌ಎಂಪಿಎಸ್‌ಗೆ ಅಕ್ಕ ಕೊಟ್ಟಿದ್ದ ದುಡ್ಡನ್ನು ನಾನು ಕೊಡಲು ಹೋದರೆ ತಗೊಳ್ಳಲಿಲ್ಲ. ಆ ರಾತ್ರಿ ಅವಳ ಮಗಳ ಹೆಸರಿನ ಖಾತೆಗೆ ಹಾಕಿಬಿಟ್ಟೆ.

ನಿಮ್ಮ ಕಂಪ್ಯೂಟರ್ ಹೀಗೆ ಮಾಡಿದರೆ

ಎಲ್ಲರ ಮನೆಯ ಕಾರಣವೂ ಪ್ರಿಂಟರೇ ಆಗಿರೋದಿಲ್ಲ. ಆದರೆ ಹುಡುಕೋ ದಾರಿ ಒಂದೇ. ದುಡ್ಡು ಖರ್ಚು ಮಾಡೋ ಮುಂಚೆ ಹೀಗೆ ಮಾಡಿ.

* ಮೊದಲು ಮುಖ್ಯವಾದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಪದೇ ಪದೇ ಹೀಗೆ ನಿಂತರೆ ತೆರೆದಿರುವ ಫೈಲುಗಳು ಕೆಡಬಹುದು.

* ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ, ಏನು ಮಾಡ್ತಿದ್ದಾಗ, ಮಾನಿಟರ್ ದೀಪವೂ ಆರಿತಾ, ಆಗ ಮಿಕ್ಸಿ, ಮೋಟಾರು ಏನಾದರೂ ಶುರುವಾಯ್ತಾ. ಮಾನಿಟರ್ ದೀಪವೂ ಕ್ಷಣಕಾಲ ಆರಿದರೆ ತೊಂದರೆ ಕಂಪ್ಯೂಟರ್ ಒಳಗಲ್ಲ, ಬರುವ ಕರೆಂಟಿನಲ್ಲಿರುವ ಸಾಧ್ಯತೆ ಹೆಚ್ಚು.

* ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ಗೆ ಹೋಗಿ, ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಆಮೇಲೆ ವಿಂಡೋಸ್ ಕುಸಿದರೆ ನೀಲಿ ಸ್ಕ್ರೀನ್ ನಿಂತಿರುತ್ತೆ, ಅದರಲ್ಲಿರೋದನ್ನು ಫೋಟೊ ತೆಗೆಯಬಹುದು.

* ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಮಾತ್ರ ಹೋಗ್ತಿದ್ದರೆ ಬಿಸಿ ಮತ್ತು ಎಸ್‌ಎಂಪಿಎಸ್ ಶಕ್ತಿ ನೋಡಿ. ಧೂಳು ತೆಗೆಯೋ ಮುಂಚೆ ಪ್ಲಗ್ ಕಿತ್ತಿರಲೇಬೇಕು.

* ನೀಲಿ ಸ್ಕ್ರೀನ್ ಬಂದು ಹೋಗ್ತಿದ್ದರೆ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಓಡಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ.

* ಮೇಜು ಅಲುಗಾಡಿದಾಗ ಹೋಗ್ತಿದ್ದರೆ ಸಡಿಲ ವೈರು, ಸಡಿಲ ಪ್ಲಗ್ಗು, ಒಳಗೇ ಸಿಕ್ಕಿಕೊಂಡ ರೀಸೆಟ್ ಬಟನ್ ನೋಡಿ.

* ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯದ ವೋಲ್ಟೇಜ್ ಉಳಿದಿರಬಹುದು.

* ಒಂದು ಸಲಕ್ಕೆ ಒಂದೇ ಬದಲಾವಣೆ. ವಾರಕ್ಕೆ ಮೂರು ಸಲ ಬರೋ ತೊಂದರೆ ಎರಡು ದಿನ ಬರಲಿಲ್ಲ ಅಂದರೆ ವಾಸಿಯಾಯ್ತು ಅಂತಲ್ಲ. ನಾನು ಮೂರು ಸಲ ಮೋಸ ಹೋದದ್ದು ಇಲ್ಲೇ.

ಕೊನೆಗೆ

ಆ ಹುಡುಗನ ಖಾತೆಗೆ ಮೊದಲು ಕಟ್ ಆಗಿದ್ದ ದುಡ್ಡು ಕೆಲವು ದಿನ ಬಿಟ್ಟು ವಾಪಸ್ ಬಂತಂತೆ. ಅವನೇ ಅಂಗಡಿಗೆ ಬಂದು ಅಕ್ಕ ಕಟ್ಟಿದ್ದ ಶುಲ್ಕ ಕೊಟ್ಟು ಹೋದ. ‘ಎದುರಿನ ಅಂಗಡಿಗೆ ಹೋಗಲಿಲ್ಲವೇನೋ?’ ಅಂತ ಕೇಳಿದ್ದಕ್ಕೆ, ‘ಅಲ್ಲಿ ಯಾರು ಅವರ ಕೈಯಿಂದ ದುಡ್ಡು ಕಟ್ತಾರೆ ಅಕ್ಕಾ?’ ಅಂದನಂತೆ.

ನನಗೆ ಈಗಲೂ ಮನೆಯವರ ಫೋನ್ ಬರುತ್ತೆ. ‘ರೀಸ್ಟಾರ್ಟ್ ಮಾಡಿ ನೋಡಿ’ ಅನ್ನೋ ಮುಂಚೆ ‘ಯಾವಾಗಿಂದ ಹೀಗಾಗ್ತಿದೆ?’ ಅಂತ ಕೇಳೋದು ಅಭ್ಯಾಸ ಮಾಡ್ಕೊಂಡಿದ್ದೀನಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತೆ, ಅಷ್ಟೇ.

ಮೊನ್ನೆ ಆಫೀಸಿನ ಒಂದು ತೊಂದರೆ ಎರಡು ದಿನದಿಂದ ಬಗೆಹರೀತಿಲ್ಲ ಅಂತ ಅಕ್ಕನ ಹತ್ತಿರ ಹೇಳ್ಕೊಂಡೆ. ಆ ಕಡೆಯಿಂದ ತಟ್ಟನೆ ಪ್ರಶ್ನೆ ಬಂತು:

‘ರಿಜಿಸ್ಟರ್ ಬರೆದಿದ್ದೀಯೇನೋ?’